ಸಹಾಯ ಬೇಕು: ಅಮ್ಮನ ಕಾಲು ಬಾವು, ಉಬ್ಬಸ, ನೀರಿನ ಮಾತ್ರೆ

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ 71. ಎದೆಬಡಿತ ತಾಳ ತಪ್ಪುವ ಕಾಯಿಲೆ, ಏಟ್ರಿಯಲ್ ಫಿಬ್ರಿಲೇಷನ್. ರಕ್ತ ತೆಳು ಮಾಡುವ ಮಾತ್ರೆ ಇದೆ, ಮೈಯಲ್ಲಿ ನಿಂತ ನೀರು ಇಳಿಸೋಕೆ ಬೆಳಿಗ್ಗೆ ಫ್ಯೂರೋಸೆಮೈಡ್ ಅನ್ನೋ ನೀರಿನ ಮಾತ್ರೆ ಇದೆ.

ಹೋದ ವಾರ 4 ದಿನದಲ್ಲಿ 2 ಕೆಜಿ ತೂಕ ಏರಿತು. ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು, ಕಾಲುಂಗುರ ಸೋಪು ಹಚ್ಚಿ ತೆಗೆದೆವು, ರಾತ್ರಿ ಮೂರು ದಿಂಬು ಇಟ್ಟರೂ ಮಲಗೋಕೆ ಆಗದೆ ಕಿಟಕಿ ಹತ್ತಿರ ಕೂತೇ ಇರುತ್ತಿದ್ದರು. ತಕ್ಷಣ ತೋರಿಸಿದೆವು, ಡಾಕ್ಟರ್ ಡೋಸ್ ಬದಲಿಸಿದರು, ಈಗ ಪರವಾಗಿಲ್ಲ. ಹಾಗಾಗಿ ಮಾತ್ರೆ ಹೆಸರು ಯಾರೂ ಹೇಳಬೇಡಿ, ದಯವಿಟ್ಟು.

ನನ್ನ ತಲೆನೋವು ಉಪ್ಪಿನದು. ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿದೆ. ಆದರೆ ಸಂಜೆ ಮಂಡಕ್ಕಿ ಮಿರ್ಚಿ ಇಲ್ಲದೆ ಅಮ್ಮನಿಗೆ ದಿನ ಮುಗಿಯಲ್ಲ, ನಮ್ಮೂರಲ್ಲಿ ಅದನ್ನ ಬಿಡಿಸೋದು ಸುಮ್ನೆ ಮಾತಲ್ಲ ಅಲ್ವಾ? ಕಡಿಮೆ ಸೋಡಿಯಂ ಉಪ್ಪು ತಂದಿದ್ದೆ, ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಕೇಳದೆ ಹಾಕಬೇಡಿ ಅಂದರು ಡಾಕ್ಟರ್. ಉಪ್ಪಿಲ್ಲದೆ ರೊಟ್ಟಿ ಜೊತೆ ನಾಲಿಗೆಗೆ ಹಿಡಿಸುವ ಪಲ್ಯ, ಚಟ್ನಿಪುಡಿ ಯಾರಾದರೂ ಮಾಡುತ್ತೀರಾ? ನಿಂಬೆಹುಳಿ, ಬೆಳ್ಳುಳ್ಳಿ ಹಾಕಿ ನೋಡಿದೆ, ತಟ್ಟೆ ಪಕ್ಕಕ್ಕೆ ಸರಿಸಿದರು.

ಇನ್ನೊಂದು, ಮುಂದಿನ ತಿಂಗಳು ತಪಾಸಣೆಗೆ ಬೆಂಗಳೂರಿಗೆ ಹೋಗಬೇಕು. ನೀರಿನ ಮಾತ್ರೆ ತಗೊಂಡರೆ ಗಂಟೆಯೊಳಗೇ ಮೂತ್ರಕ್ಕೆ ಓಡಾಟ ಶುರು, ಬಸ್ಸಲ್ಲಿ ಕಷ್ಟ. ರೈಲೇ ವಾಸಿ ಅನ್ನಿಸಿದೆ. ಪ್ರಯಾಣದ ದಿನ ಮಾತ್ರೆ ತಡವಾಗಿ ಕೊಡಬಹುದಾ ಅಂತ ಡಾಕ್ಟರನ್ನ ಕೇಳುತ್ತೇನೆ, ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸಿದಿರಿ ತಿಳಿಸಿ.