ಬೇಸಿಗೆ ಭತ್ತ ಜೊಳ್ಳಾಗುವುದೇಕೆ? ತಳಿ ವಿಜ್ಞಾನಿಗೆ ಕೇಳಿ

ನಿರ್ವಾಹಕ: ಭತ್ತದ ತಳಿ ವಿಜ್ಞಾನಿ ಮೇಡಂ ಇಂದು ಸಂಜೆ ನಮ್ಮ ಕರಾವಳಿ ರೈತರ ಗುಂಪಿನಲ್ಲಿದ್ದಾರೆ. ಬಿಸಿಲು ಮತ್ತು ಭತ್ತದ ಬಗ್ಗೆ ಮಾತ್ರ ಕೇಳಿ.

ಹೊನ್ನಾವರ ಗೌಡ: ನಮಸ್ಕಾರ ಮೇಡಂ. ಮಾರ್ಚ್ ಬಿಸಿಲಿಗೆ ಭತ್ತ ಜೊಳ್ಳಾಗದಂತೆ ಏನು ಸಿಂಪಡಿಸಬೇಕು?

ತಳಿ ವಿಜ್ಞಾನಿ: ನಮಸ್ಕಾರ ಗೌಡರೇ. ಹೂ ಬಂದ ಮೇಲೆ ಸಿಂಪಡಿಸಲು ನಾನು ಏನನ್ನೂ ಹೇಳುವುದಿಲ್ಲ. ಹೊಡೆ (ತೆನೆಯನ್ನು ಸುತ್ತಿಕೊಂಡಿರುವ ಎಲೆಯ ಕವಚ) ಒಡೆಯುವಾಗಿನಿಂದ ಕಾಳು ಹಾಲುಗಟ್ಟುವವರೆಗೆ ಗದ್ದೆಯಲ್ಲಿ ನೀರು ಆರಲು ಬಿಡಬೇಡಿ.

ಅಂಕೋಲಾ ನಾಯಕ: ಮೇಡಂ, ಒಂದೇ ಬೀಜ, ಒಂದೇ ಗೊಬ್ಬರ. ಮೇಲಿನ ಗದ್ದೆಗೆ ಮೊದಲು ನೆಟ್ಟೆವು, ಕೆಳಗಿನದಕ್ಕೆ ಹತ್ತು ದಿನ ಬಿಟ್ಟು. ಕೆಳಗಿನದು ತುಂಬಿ ಬಾಗಿದೆ. ಮೇಲಿನ ಗದ್ದೆಯ ತೆನೆಗಳ ತುದಿಯೆಲ್ಲ ಜೊಳ್ಳು, ಬುಡದಲ್ಲಿ ಮಾತ್ರ ಕಾಳು. ಚಿತ್ರ ಹಾಕಿದ್ದೇನೆ. ಅಂಗಡಿಯವರು ಬೀಜದ ದೋಷ ಎನ್ನುತ್ತಾರೆ.

ತಳಿ ವಿಜ್ಞಾನಿ: ನಾಯಕರೇ, ಬೀಜದ ದೋಷವಾಗಿದ್ದರೆ ಕೆಳಗಿನ ಗದ್ದೆಯಲ್ಲೂ ಕಾಣಿಸಬೇಕಿತ್ತು. ಮೊದಲು ಬೇರೆ ಎರಡು ಅನುಮಾನಗಳನ್ನು ನೀವೇ ಬಗೆಹರಿಸಿಕೊಳ್ಳಿ. ತೆನೆಯನ್ನು ಹಿಡಿದು ಎಳೆದಾಗ ಸುಲಭವಾಗಿ ಕಿತ್ತು ಬಂದರೆ ಅದು ಕಾಂಡಕೊರಕ. ಕುತ್ತಿಗೆ ಕಪ್ಪಾಗಿದ್ದರೆ ಬೆಂಕಿರೋಗ. ಚಿತ್ರದಲ್ಲಿ ಕುತ್ತಿಗೆ ಹಸಿರಾಗಿದೆ. ಕೊರಕ ಹೊಕ್ಕಿದ್ದರೆ ಇಡೀ ತೆನೆ ಬಿಳಿಚಿಕೊಳ್ಳುತ್ತಿತ್ತು, ಬುಡದಲ್ಲಿ ಕಾಳು ಉಳಿಯುತ್ತಿರಲಿಲ್ಲ.

ಭತ್ತದ ತೆನೆ ಒಂದೇ ದಿನದಲ್ಲಿ ಅರಳಿ ಮುಗಿಯುವುದಿಲ್ಲ. ತುದಿಯ ಹೂಗಳು ಮೊದಲು, ಬುಡದವು ಕೊನೆಗೆ. ಒಟ್ಟು ಐದರಿಂದ ಏಳು ದಿನ. ಪ್ರತಿ ಹೂವು ತೆರೆದಿರುವುದು ಸುಮಾರು ಒಂದು ಗಂಟೆ, ಹೆಚ್ಚಾಗಿ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ. ಆ ಹೊತ್ತಿನಲ್ಲಿ ತಾಪ 35 ಡಿಗ್ರಿ ದಾಟಿದರೆ ಪರಾಗಕೋಶ ಸರಿಯಾಗಿ ಬಿರಿಯುವುದಿಲ್ಲ, ಪರಾಗ ಉದುರುವುದಿಲ್ಲ, ಉದುರಿದ್ದೂ ಮೊಳೆಯುವುದು ಕಷ್ಟ. ನಿಮ್ಮ ತೆನೆಯ ತುದಿ ಅರಳಿದ ಎರಡು ಮೂರು ದಿನ ಸೆಕೆ ಬಿದ್ದಿದೆ. ಬುಡ ಅರಳುವಷ್ಟರಲ್ಲಿ ಅದು ಇಳಿದಿದೆ. ಕೆಳಗಿನ ಗದ್ದೆಯ ತೆನೆ ಆಗ ಇನ್ನೂ ಹೊಡೆಯೊಳಗಿತ್ತು. ಒಳಗಿದ್ದಾಗಲೂ ಪರಾಗ ರೂಪುಗೊಳ್ಳುವ ಹಂತಕ್ಕೆ ಬಿಸಿ ತಾಗುತ್ತದೆ, ಆದರೆ ಹೂ ಅರಳುವ ಗಂಟೆಯಷ್ಟಲ್ಲ.

ಕರಾವಳಿಯ ಬಗ್ಗೆ ನನಗೆ ಹೆಚ್ಚು ಆತಂಕವಿರುವುದು ಇಲ್ಲಿಯೇ. ಫೆಬ್ರುವರಿ, ಮಾರ್ಚ್‌ನಲ್ಲಿ ಪೂರ್ವದ ಗಾಳಿ ಜೋರಾಗಿರುವ ದಿನ ಕಡಲ ಗಾಳಿ ತಡವಾಗಿ ಬರುತ್ತದೆ, ಹೂ ಅದಕ್ಕಾಗಿ ಕಾಯುವುದಿಲ್ಲ. ಒಣ ಹವೆಯಲ್ಲಿ ತೆನೆ ನೀರಾವಿ ಬಿಟ್ಟು ತಂಪಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅದಕ್ಕೂ ಅವಕಾಶವಿಲ್ಲ. ಬಯಲುಸೀಮೆಯ 37 ಡಿಗ್ರಿಗಿಂತ ನಮ್ಮ 36 ಕೆಟ್ಟದ್ದಾಗಬಹುದು. ಗದ್ದೆಗೆ ನೀರು ಎಲ್ಲಿಂದ? ಮಾರ್ಚ್‌ನಲ್ಲಿ ಹಳ್ಳಕ್ಕೆ ಉಪ್ಪುನೀರು ಏರುತ್ತದೆಯೇ?

ಅಂಕೋಲಾ ನಾಯಕ: ಬಾವಿಯ ಸಿಹಿನೀರು ಮೇಡಂ. ಎಳೆದು ನೋಡಿದೆ, ತೆನೆ ಕಿತ್ತು ಬರಲಿಲ್ಲ.

ತಳಿ ವಿಜ್ಞಾನಿ: ಹಾಗಾದರೆ ಸೆಕೆಯೇ ಕಾರಣ.

ಕಾರವಾರ ಶಿಕ್ಷಕಿ: ಮೇಡಂ, ಗಿಡಕ್ಕೆ ಬಿಸಿ ಗೊತ್ತಾಗುವುದು ಹೇಗೆ? ಜೀನ್‌ಗಳು ಏನು ಮಾಡುತ್ತವೆ? ಮಕ್ಕಳಿಗೆ ಹೇಳಬೇಕಿತ್ತು.

ತಳಿ ವಿಜ್ಞಾನಿ: ಬಿಸಿ ತಾಗಿದ ಕೆಲವೇ ನಿಮಿಷಗಳಲ್ಲಿ ಜೀವಕೋಶದ ಪೊರೆ ಸಡಿಲಗೊಂಡು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅಷ್ಟರಲ್ಲಿ ಪ್ರೋಟೀನ್‌ಗಳ ಮಡಿಕೆ ಬಿಚ್ಚತೊಡಗುತ್ತದೆ. ಆಗ ಉಷ್ಣಾಘಾತ ನಿಯಂತ್ರಕಗಳು ಎಚ್ಚೆತ್ತು ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತವೆ. ಭತ್ತದಲ್ಲಿ ಇಂಥ 25 ನಿಯಂತ್ರಕ ಜೀನ್‌ಗಳಿವೆ. ಹೀಗೆ ಚಾಲೂ ಆದ ಜೀನ್‌ಗಳಿಂದ ತಯಾರಾಗುವ ಉಷ್ಣಾಘಾತ ಪ್ರೋಟೀನ್‌ಗಳು ಬಿಚ್ಚಿಕೊಂಡ ಪ್ರೋಟೀನ್‌ಗಳನ್ನು ಮತ್ತೆ ಮಡಿಸುತ್ತವೆ. ಸರಿಪಡಿಸಲಾಗದವನ್ನು ಪ್ರೋಟಿಯಾಸೋಮ್ ಎಂಬ ಜೀವಕೋಶದೊಳಗಿನ ಯಂತ್ರ ಚೂರು ಮಾಡುತ್ತದೆ. ಆಫ್ರಿಕಾದ ಭತ್ತದಲ್ಲಿ 2015ರಲ್ಲಿ ಗುರುತಿಸಿದ ಟಿಟಿ1 ಜೀನ್ ಇದೇ ಪ್ರೋಟಿಯಾಸೋಮಿನ ಒಂದು ಭಾಗ. ಆ ಭತ್ತದಲ್ಲಿರುವ ರೂಪ ಕೆಟ್ಟ ಪ್ರೋಟೀನನ್ನು ಹೆಚ್ಚು ಚುರುಕಾಗಿ ತೆಗೆಯುತ್ತದೆ. ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ: ಎಲೆ ಹಸಿರಾಗಿಯೇ ಇದ್ದು ಕಾಳು ಜೊಳ್ಳಾಗಬಹುದು. ಗಿಡದಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಪರಾಗ.

ನಮ್ಮ ದೇಶದ ನಗೀನಾ 22 ಎಂಬ ತಳಿ ಹೂವಿನ ಹಂತದ ಬಿಸಿಗೆ ಬಗ್ಗುವುದಿಲ್ಲ. ಅದರ ನಾಲ್ಕನೇ ವರ್ಣತಂತುವಿನಲ್ಲಿ ಈ ಗುಣದ ಒಂದು ತಾಣ ಸಿಕ್ಕಿದೆ. ಒರೈಜಾ ಅಫಿಸಿನಾಲಿಸ್ ಎಂಬ ಕಾಡುಭತ್ತ ಬಿಸಿಲೇರುವ ಮೊದಲೇ ಅರಳಿ ಮುಗಿಸುತ್ತದೆ. ಆ ಗುಣವನ್ನೂ ತಳಿಗಾರರು ಭತ್ತಕ್ಕೆ ತಂದಿದ್ದಾರೆ. ಕರಾವಳಿಗೆ ಬೇಕಾದದ್ದು ಈ ಎರಡನೆಯದು ಎಂದು ನಾನು ಬಲವಾಗಿ ನಂಬಿದ್ದೇನೆ.

ಶಿರಸಿ ಹೆಗಡೆ: ಮೇಡಂ, ಅಡಿಕೆಯ ಹಿಂಗಾರವೂ ಇದೇ ಸೆಕೆಗೆ ಒಣಗುತ್ತದೆಯೇ?

ಕುಮಟಾ ಪಟಗಾರ: ಇದು ಎಲ್ಲ ಗುಂಪುಗಳಲ್ಲಿ ಬಂದಿದೆ: "ಹುಳಿ ಮಜ್ಜಿಗೆ, ಬೆಲ್ಲ, ತಲೆನೋವಿನ ಮಾತ್ರೆ ಕಲಸಿ ಬೆಳಿಗ್ಗೆ ಹತ್ತಕ್ಕೆ ತೆನೆಯ ಮೇಲೆ ಹೊಡೆಯಿರಿ. ಭತ್ತದ ಉಷ್ಣ ಜೀನ್ ಎಚ್ಚರಗೊಳ್ಳುತ್ತದೆ. ಎಲ್ಲ ರೈತರಿಗೂ ತಲುಪಿಸಿ." ಮಾಡಬಹುದೇ?

ತಳಿ ವಿಜ್ಞಾನಿ: ಮಾಡಬೇಡಿ. ಹತ್ತು ಗಂಟೆಗೆ ತೆರೆದ ಹೂವಿನ ಮೇಲೆ ಏನು ಹೊಡೆದರೂ ಪರಾಗ ತೊಯ್ದು ಹಾಳಾಗುತ್ತದೆ. ಸೆಕೆ ಕೆಡಿಸದೆ ಬಿಟ್ಟಿದ್ದನ್ನು ನೀವೇ ಕೆಡಿಸುತ್ತೀರಿ. ಆ ಜೀನ್‌ಗಳನ್ನು ಎಚ್ಚರಗೊಳಿಸಲು ಬಿಸಿಯೇ ಸಾಕು, ಮಜ್ಜಿಗೆ ಬೇಕಿಲ್ಲ.

ಕುಮಟಾ ಪಟಗಾರ: ನಮ್ಮ ಮಾವ ಹೊಡೆದಿದ್ದರು, ಬೆಳೆ ಚೆನ್ನಾಗಿಯೇ ಬಂತು.

ತಳಿ ವಿಜ್ಞಾನಿ: ಹೊಡೆಯದ ಪಕ್ಕದ ಗದ್ದೆಯದು ಹೇಗೆ ಬಂತು? ಅದನ್ನು ತಿಳಿದುಕೊಂಡು ಬನ್ನಿ.

ಭಟ್ಕಳ ಸದಸ್ಯ: ಜೊಳ್ಳಿಗೆ ಯಾವ ಔಷಧಿ ಮೇಡಂ?

ತಳಿ ವಿಜ್ಞಾನಿ: ಗೌಡರಿಗೆ ಕೊಟ್ಟ ಉತ್ತರ ಓದಿ.

ಕುಮಟಾ ಪಟಗಾರ: ಅಜ್ಜನ ಕಾಲದ ಕಗ್ಗ ಭತ್ತ ಇದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಸಿಗಡಿ ಮಾಡುವವರು ಗಜನಿಗೆ (ಕಡಲಂಚಿನ ತಗ್ಗು ಗದ್ದೆಗೆ) ಉಪ್ಪುನೀರು ಬಿಟ್ಟು ಬೀಜವನ್ನೇ ನಿರ್ನಾಮ ಮಾಡಿದರು.

ಹೊನ್ನಾವರ ಗೌಡ: ಪಟಗಾರರೇ, ಒಡ್ಡು ಒಡೆದಾಗ ಕಟ್ಟಲು ಎಷ್ಟು ಜನ ರೈತರು ಬಂದಿದ್ದರು? ಸಿಗಡಿ ಮಾಡುವವರನ್ನೇ ಬೈದರೆ ಆಯಿತೇ?

ಕುಮಟಾ ಪಟಗಾರ: ಗೇಟಿನ ಕೀಲಿ ಗುತ್ತಿಗೆ ಹಿಡಿದವರ ಕೈಯಲ್ಲಿದ್ದರೆ ರೈತ ಬಂದು ಏನು ಮಾಡಬೇಕು? ನಿಮಗೂ ಅದರಲ್ಲಿ ಪಾಲಿದೆ ಎಂದು ಊರಿಗೆಲ್ಲ ಗೊತ್ತಿದೆ.

ಹೊನ್ನಾವರ ಗೌಡ: ಮಾತು ಹಿಡಿತದಲ್ಲಿರಲಿ.

ತಳಿ ವಿಜ್ಞಾನಿ: ಕಗ್ಗವನ್ನು ಉಳಿಸಿಕೊಳ್ಳಲೇಬೇಕು. ಆದರೆ ಅದು ಉಪ್ಪು ಮತ್ತು ನೆರೆ ತಾಳುವ ಭತ್ತ, ಮಳೆಗಾಲದ ಬೆಳೆ. ಅದು ಮಾರ್ಚ್ ಸೆಕೆಯನ್ನು ಕಾಣುವುದೇ ಇಲ್ಲ. ಉಪ್ಪು ತಾಳುವ ಜೀನ್ ಬಿಸಿಯನ್ನೂ ತಾಳಬೇಕೆಂದಿಲ್ಲ. ಕೇರಳದ ಪೊಕ್ಕಾಳಿ ಭತ್ತದ, ಉಪ್ಪು ತಾಳುವ ಗುಣದ ಹೆಸರಾಂತ ಸಾಲ್ಟಾಲ್ ತಾಣ ಒಂದನೇ ವರ್ಣತಂತುವಿನಲ್ಲಿದೆ, ಅದರ ಕೆಲಸವೇ ಬೇರೆ.

ಕಾರವಾರ ಶಿಕ್ಷಕಿ: 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಭತ್ತ ಬಂತೆಂದು ಓದಿದೆ. ಅದು ಸೆಕೆ ತಾಳುತ್ತದೆಯೇ?

ತಳಿ ವಿಜ್ಞಾನಿ: ಘೋಷಿಸಿದ್ದು ಎರಡು. ಡಿಆರ್‌ಆರ್ ಧಾನ್ 100 ಸಾಂಬಾ ಮಸೂರಿಯಿಂದ, ಇಳುವರಿಗಾಗಿ. ಪೂಸಾ ಡಿಎಸ್‌ಟಿ ರೈಸ್ 1 ಬರ ಮತ್ತು ಉಪ್ಪಿಗಾಗಿ. ಹೂವಿನ ಸೆಕೆಗೆಂದು ಮಾಡಿದ್ದು ಯಾವುದೂ ಅಲ್ಲ.

ಅಂಕೋಲಾ ನಾಯಕ: ಮೇಲಿನ ಗದ್ದೆಯಲ್ಲಿ ಸೆಕೆಗೂ ಬದುಕಿದ ಕಾಳನ್ನೇ ಬೀಜಕ್ಕಿಟ್ಟರೆ ಮುಂದಿನ ಬೆಳೆ ಗಟ್ಟಿಯಾಗುತ್ತದೆಯೇ?

ತಳಿ ವಿಜ್ಞಾನಿ: ಒಳ್ಳೆಯ ಪ್ರಶ್ನೆ. ನಿಮ್ಮದು ಶುದ್ಧ ತಳಿ, ಗದ್ದೆಯ ಎಲ್ಲ ಗಿಡಗಳ ಜೀನ್ ಒಂದೇ. ಬದುಕಿದ ಕಾಳು ತಂಪು ದಿನ ಅರಳಿತು, ಅದಕ್ಕೇ ತುಂಬಿತು. ಅದನ್ನು ಆರಿಸಿ ಪ್ರಯೋಜನವಿಲ್ಲ. ಹಲವು ಬಗೆಯ ಗಿಡಗಳು ಬೆರೆತ ನಾಟಿ ತಳಿಯಾದರೆ ಮಾತು ಬೇರೆ. ಅಲ್ಲಿ ಒಂದೇ ದಿನ ಹೂ ಬಿಟ್ಟ ಗಿಡಗಳಲ್ಲಿ ಒಂದು ತುಂಬಿ ಇನ್ನೊಂದು ಜೊಳ್ಳಾದರೆ, ತುಂಬಿದ್ದನ್ನು ಗುರುತು ಹಾಕಿ ಬೇರೆಯಾಗಿ ಇಡಿ.

ಕುಮಟಾ ಪಟಗಾರ: ಅಂದರೆ ನಾಟಿ ಬೀಜವೇ ಮೇಲು ಎಂದಾಯಿತು. ಗೌಡರಿಗೆ ಯಾರಾದರೂ ಓದಿ ಹೇಳಿ.

ಹೊನ್ನಾವರ ಗೌಡ: ನಿರ್ವಾಹಕರೇ, ಇವರನ್ನು ಸುಮ್ಮನಿರಿಸಿ, ಇಲ್ಲವಾದರೆ ನಾನು ಗುಂಪು ಬಿಡುತ್ತೇನೆ.

ನಿರ್ವಾಹಕ: ಗಜನಿ ಜಗಳ ಇಲ್ಲಿಗೆ ಸಾಕು.

ಭಟ್ಕಳ ಸದಸ್ಯ: ಮೇಡಂ, ಆ ಮಜ್ಜಿಗೆಯನ್ನು ಸಂಜೆ ಹೊಡೆದರೆ?

ತಳಿ ವಿಜ್ಞಾನಿ: ಮಜ್ಜಿಗೆಯ ಬಗ್ಗೆ ಇನ್ನು ಉತ್ತರಿಸುವುದಿಲ್ಲ. ರಾತ್ರಿಯ ಸೆಕೆಯ ಬಗ್ಗೆ ಯಾರೂ ಕೇಳಲಿಲ್ಲ, ಕೇಳಬೇಕಿತ್ತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳ ಲೆಕ್ಕ 2004ರಲ್ಲಿ ಪ್ರಕಟವಾಯಿತು: ಬೇಸಿಗೆ ಬೆಳೆಯಲ್ಲಿ ರಾತ್ರಿಯ ತಾಪ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ಶೇ 10 ಇಳಿದಿತ್ತು.

ಭಟ್ಕಳ ಸದಸ್ಯ: ಹಾಗಾದರೆ ಯಾವಾಗ ಬಿತ್ತಬೇಕು, ಅದನ್ನಾದರೂ ಹೇಳಿ.

ತಳಿ ವಿಜ್ಞಾನಿ: ತಳಿಯ ಅವಧಿಯಲ್ಲಿ 30 ದಿನ ಕಳೆಯಿರಿ, ಬಿತ್ತಿದ ಅಷ್ಟು ದಿನಕ್ಕೆ ಹೂ. 120 ದಿನದ ತಳಿಯನ್ನು ಡಿಸೆಂಬರ್ ನಡುವಿನಲ್ಲಿ ಬಿತ್ತಿದರೆ ಹೂ ಮಾರ್ಚ್ ನಡುವಿಗೆ, ನೇರ ಸೆಕೆಗೆ. ಮಳೆಗಾಲದ ಕೊಯ್ಲು ಮುಗಿದ ಕೂಡಲೇ ಸಸಿಮಡಿ ಹಾಕಿ. ಅದು ಆಗದಿದ್ದರೆ ಕಡಿಮೆ ಅವಧಿಯ ತಳಿ ಆರಿಸಿ.