ರಾಗಿ ತೆನೆ ಬೆಳ್ಳಗಾಗಿ ನಿಂತಿದೆ, ವಿಷ ಹೊಡೆಯೋಕೆ ಮನಸ್ಸಿಲ್ಲ: ನಿಮ್ಮ ಅನುಭವ ಹೇಳಿ

ಯಲಹಂಕದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಲಸ, ಮನೆ ಎರಡೂ ಯಲಹಂಕದಲ್ಲಿ. ದೊಡ್ಡಬಳ್ಳಾಪುರದ ಹತ್ತಿರ ಅಪ್ಪನ ಕಾಲದ ಒಂದೂವರೆ ಎಕರೆ ಕೆಂಪು ಮಣ್ಣಿನ ಹೊಲ ಇದೆ. ಮಳೆ ನಂಬಿದ ರಾಗಿ. ಹೋದ ವರ್ಷದಿಂದ ಯೂರಿಯಾ, ಔಷಧಿ ಎರಡೂ ನಿಲ್ಲಿಸಿದ್ದೇನೆ. ಈ ಸಲ ಒಂದು ಲೋಡ್ ಕೋಳಿ ಗೊಬ್ಬರ ಹೊಡೆಸಿದೆ, ಪೈರು ಕಡು ಹಸಿರಾಗಿ ಚೆನ್ನಾಗಿಯೇ ಬಂತು. ಈಗ ತೆನೆ ಹೊರಟ ಮೇಲೆ ಅಲ್ಲಲ್ಲಿ ತೆನೆ ಬೆಳ್ಳಗಾಗಿ, ಜೊಳ್ಳಾಗಿ ನಿಂತಿದೆ. ಕೆಲವು ಕಡೆ ತೆನೆಯ ಕತ್ತು ಕಪ್ಪಾಗಿದೆ. ಪೈರಿನ ರಸ ಹೀರುವ ಹೇನು ಕೂಡ ಇದೆ. ಗೊಬ್ಬರದ ಅಂಗಡಿಯವರು ಎರಡು ಬಾಟಲಿ ಕೊಟ್ಟು "ಎರಡನ್ನೂ ಬೆರೆಸಿ ಹೊಡೀರಿ ಸಾರ್, ಎಲ್ಲಾ ಹೋಗುತ್ತೆ" ಅಂದರು. ಇನ್ನೂ ಮುಚ್ಚಳ ತೆಗೆದಿಲ್ಲ. ಸಾವಯವದಲ್ಲೇ ನಿಭಾಯಿಸಿದವರು ಇದ್ದರೆ ದಾರಿ ಹೇಳಿ.

ಹೊಸಕೋಟೆ ಕಡೆಯವರು

ಮುಚ್ಚಳ ತೆಗೆಯದೇ ಇದ್ದದ್ದು ಒಳ್ಳೆಯದೇ ಆಯಿತು. ನೀವು ಹೇಳಿದ್ದು ಒಂದು ಕಾಯಿಲೆ ಅಲ್ಲ, ಮೂರು. ಮೊದಲು ಹೊಲಕ್ಕೆ ಇಳಿದು ಯಾವುದು ಎಷ್ಟಿದೆ ನೋಡಿ.

ಬೆಳ್ಳಗಾದ ತೆನೆ ಹಿಡಿದು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕಿತ್ತು ಕೈಗೆ ಬಂದರೆ ಅದು ಕಾಂಡ ಕೊರಕ. ಆ ತೆಂಡೆಯನ್ನು (ಬುಡದಿಂದ ಒಡೆದ ಕವಲು) ಬುಡಕ್ಕೆ ಕೊಯ್ದು ಉಗುರಿನಲ್ಲೇ ಸೀಳಿ ನೋಡಿ. ಒಳಗೆ ಒದ್ದೆ ಹಿಕ್ಕೆ ತುಂಬಿರುತ್ತದೆ, ಅದರ ನಡುವೆ ನಸುಗೆಂಪು ಮೈಯ, ಕಂದು ತಲೆಯ ಹುಳ. ಕೆಲವು ಸಲ ಹುಳ ಪಕ್ಕದ ತೆಂಡೆಗೆ ದಾಟಿರುತ್ತದೆ, ಬರೀ ತೂತು ಕಾಣುತ್ತದೆ. ಇನ್ನು ತೆನೆ ಎಳೆದರೂ ಬರುತ್ತಿಲ್ಲ, ತೆನೆಯ ಕೆಳಗೆ ಒಂದೆರಡು ಅಂಗುಲ ಕಪ್ಪಾಗಿದೆ ಅಂದರೆ ಅದು ಕುತ್ತಿಗೆ ಬೆಂಕಿ ರೋಗ. ಇಲುಕು, ಅಂದರೆ ತೆನೆಯ ಬೆರಳು, ತುದಿಯಿಂದ ಒಣಗುತ್ತಾ ಬಂದಿದ್ದರೆ ಅದೂ ಬೆಂಕಿ ರೋಗವೇ. ಮೊದಲನೆಯದು ಹುಳ, ಎರಡನೆಯದು ಬೂಷ್ಟು. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ.

ಈಗ ಮಾಡಬಹುದಾದ್ದು ಕಡಿಮೆ, ಅದನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಹುಳ ಕಾಂಡದ ಒಳಗೆ ಸೇರಿದ ಮೇಲೆ ಮೇಲಿಂದ ಬೇವು ಹೊಡೆದು ಪ್ರಯೋಜನವಿಲ್ಲ. ಒಣಗಿದ ತೆಂಡೆಗಳನ್ನು ಬುಡಸಮೇತ ಕೊಯ್ದು ಹಸುವಿಗೆ ಹಾಕಿ. ಬದುವಿನ ಮೇಲೆ ಮಾತ್ರ ಎಸೆಯಬೇಡಿ. ಕತ್ತು ಕಪ್ಪಾದ ತೆನೆ ಸರಿಹೋಗುವುದಿಲ್ಲ. ಆದರೆ ತಡವಾಗಿ ಬಿತ್ತಿದ ಕಡೆ ಇನ್ನೂ ಹೊಡೆ ಬಿಚ್ಚಿ ತೆನೆ ಹೊರಡುತ್ತಿದ್ದರೆ ಅಲ್ಲಿಗೆ ಸೂಡೊಮೊನಾಸ್ (ಬೂಷ್ಟು ತಡೆಯುವ ಬ್ಯಾಕ್ಟೀರಿಯಾ) ಪುಡಿ ನೀರಿಗೆ ಕಲಸಿ, ಸೋಸಿ, ಸಂಜೆ ಹೊಡೆಯಿರಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಪ್ರಮಾಣ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ತಯಾರಾದ ತಾರೀಕು ನೋಡದೆ ತರಬೇಡಿ. ಒಳಗಿರುವುದು ಜೀವ. ಅಂಗಡಿ ಮುಂದೆ ಬಿಸಿಲಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪ್ಯಾಕೆಟ್ ತಂದರೆ ಮುಖಕ್ಕೆ ಹಚ್ಚೋ ಪೌಡರಿಗೂ ಅದಕ್ಕೂ ವ್ಯತ್ಯಾಸ ಇರಲ್ಲ.

ಹೇನಿಗೆ ಏನೂ ಮಾಡಬೇಡಿ. ಹೇನಿದ್ದ ಕಡೆ ಅದನ್ನು ತಿನ್ನುವ ಗುಲಗಂಜಿ ಹುಳ ಬಂದೇ ಬರುತ್ತದೆ. ಅದರ ಮರಿಗೆ ರೆಕ್ಕೆ ಇರುವುದಿಲ್ಲ, ಉದ್ದಕ್ಕೆ ಕಪ್ಪಗೆ, ಮೈಮೇಲೆ ಚುಕ್ಕೆ ಇಟ್ಟುಕೊಂಡು ಓಡಾಡುತ್ತಿರುತ್ತದೆ. ಇದೇ ಪೀಡೆ ಅಂತ ಹೊಸಕಿ ಹಾಕುವವರು ಜಾಸ್ತಿ. ಅದೇ ನಿಮ್ಮ ಕೂಲಿ ಇಲ್ಲದ ಆಳು.

ಇನ್ನು ಕಾರಣದ ವಿಚಾರ. "ಕಡು ಹಸಿರಾಗಿ ಚೆನ್ನಾಗಿಯೇ ಬಂತು" ಅಂದಿರಲ್ಲ, ನನಗೆ ಅಲ್ಲೇ ಅನುಮಾನ ಬಂತು. ಸಾರಜನಕ ಯೂರಿಯಾ ಚೀಲದಿಂದ ಬಂದರೇನು, ಕೋಳಿ ಫಾರಂನಿಂದ ಬಂದರೇನು, ಬೆಂಕಿ ರೋಗಕ್ಕೆ ಎರಡೂ ಒಂದೇ. ಪೈರು ಕೊಬ್ಬಿ ಮೆತ್ತಗಾಗುತ್ತದೆ. ಅದರ ಮೇಲೆ ಚಿತ್ತೆ ಮಳೆಯ ಜಡಿ, ಮೋಡ, ಬೆಳಗಿನ ಇಬ್ಬನಿ ಸೇರಿದರೆ ಮುಗೀತು. ರಾಗಿಗೆ ಎಕರೆಗೆ 3 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಕೋಳಿ ಗೊಬ್ಬರ ಬೇಕೇ ಬೇಕು ಅಂದರೆ ಗುಂಡಿಯಲ್ಲಿ ಕೊಳೆಸಿ, ಕಡಿಮೆ ಹಾಕಿ.

ಅಂದ ಹಾಗೆ ತಳಿ ಯಾವುದು ಅಂತ ಬರೆದಿಲ್ಲ. ಮನೆ ಬೀಜವಾ?

ನೆಲಮಂಗಲದಿಂದ

ಇಷ್ಟೆಲ್ಲಾ ತಲೆಬಿಸಿ ಯಾಕೆ? ಜೀವಾಮೃತ ಬಿಡಿ ಸಾರ್. 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಎರಡು ದಿನ ನೆರಳಲ್ಲಿಟ್ಟು ತಿರುವಿ. ಒಂದು ಎಕರೆಗೆ ಆಗುತ್ತದೆ. ಯಾವ ಹುಳಾನೂ ಬರಲ್ಲ.

ಹೊಸಕೋಟೆ ಕಡೆಯವರು

ಜೀವಾಮೃತ ನಾನೂ ಬಿಡುತ್ತೇನೆ ಅಣ್ಣ, ನಮ್ಮ ಹೊಲದಲ್ಲಿ ಎರೆಹುಳು ಜಾಸ್ತಿ ಆಗಿದ್ದು ಕಣ್ಣಿಗೆ ಕಾಣುತ್ತದೆ. ಆದರೆ ಅದು ಮಣ್ಣಿಗೆ. ಕಾಂಡದೊಳಗಿನ ಹುಳವನ್ನು ಅದು ಸಾಯಿಸಿದ್ದು ನಾನು ಕಂಡಿಲ್ಲ. ಹೊಸಬರಿಗೆ ಎಲ್ಲದಕ್ಕೂ ಅದೊಂದೇ ಅಂದುಬಿಟ್ಟರೆ, ಒಂದು ಬೆಳೆ ಕೈಕೊಟ್ಟ ಕೂಡಲೇ ಸಾವಯವಾನೇ ಸುಳ್ಳು ಅಂತ ವಾಪಸ್ ಅಂಗಡಿಗೆ ಹೋಗುತ್ತಾರೆ.

ಮಾಗಡಿಯಿಂದ

ಎಲ್ಲಾ ಓದಿದೆ. ಒಂದು ಮಾತು ಯಾರೂ ಕೇಳಲಿಲ್ಲ. ಬರೀ ರಾಗಿ ಹಾಕಿದ್ದೀರಾ? ನಡುನಡುವೆ ಬೇರೆ ಕಾಳು ಬಿತ್ತುವ ಅಕ್ಕಡಿ ಸಾಲು ಇಲ್ವಾ?

ನಮ್ಮತ್ತೆ ಈಗಲೂ ಅಕ್ಕಡಿ ಇಲ್ಲದ ರಾಗಿ ಹೊಲ ಕಂಡರೆ "ಇದೇನು ಬೋಳು ಹೊಲ" ಅನ್ನುತ್ತಾರೆ. ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ ಹೋದ ಹಾಗೆ ಹಿಂದೆ ಸಡ್ಡೆಯಲ್ಲಿ (ಬೀಜ ಬಿಡುವ ಕೊಳವೆ) ಅಕ್ಕಡಿ ಕಾಳು ಬಿಡುವುದು ಹೆಂಗಸರ ಕೆಲಸ. ನಾನೂ ಅವರಿಂದಲೇ ಕಲಿತೆ. ಅವರೆ, ತೊಗರಿ, ಅಲಸಂದೆ, ನಡುನಡುವೆ ನಾಲ್ಕು ಕಾಳು ಜೋಳ, ಅಂಚಿಗೆ ಹುಚ್ಚೆಳ್ಳು, ಸಾಸಿವೆ. ಕೃಷಿ ವಿಶ್ವವಿದ್ಯಾಲಯದವರು ಲೆಕ್ಕ ಇಟ್ಟು ಹೇಳುವುದೂ ಇದನ್ನೇ: 8 ಸಾಲು ರಾಗಿಗೆ 2 ಸಾಲು ತೊಗರಿ, ಇಲ್ಲಾ 8 ಸಾಲಿಗೆ 1 ಸಾಲು ಅವರೆ.

ಇದರಿಂದ ಹುಳ ಹೇಗೆ ಕಡಿಮೆ ಆಗುತ್ತೆ ಅಂದರೆ, ಬೆಳಗ್ಗೆ ಹೊಲಕ್ಕೆ ಹೋಗಿ ಸುಮ್ನೆ ನಿಂತು ನೋಡಿ. ರಾಗಿ ಮೇಲೆ ಹಕ್ಕಿ ಕೂರೋಕೆ ಆಗಲ್ಲ, ಬಾಗುತ್ತೆ. ಜೋಳದ ದಂಟಿನ ಮೇಲೆ, ತೊಗರಿ ಕೊಂಬೆ ಮೇಲೆ ಕಾಜಾಣ ಕೂತಿರುತ್ತೆ. ಅಲ್ಲಿಂದಲೇ ಹಾರಿ ಚಿಟ್ಟೆ ಹಿಡಿದು ಮತ್ತೆ ಅಲ್ಲೇ ಬಂದು ಕೂರುತ್ತೆ. ಹುಚ್ಚೆಳ್ಳು ಹೂ ಬಿಟ್ಟಾಗ ಜೇನು ಮಾತ್ರ ಅಲ್ಲ, ಸಣ್ಣ ಸಣ್ಣ ಕಣಜಗಳೂ ಬರುತ್ತವೆ. ಹುಳದ ಮೊಟ್ಟೆ ಮೇಲೆ, ಮರಿ ಮೇಲೆ ಮೊಟ್ಟೆ ಇಡುವುದು ಅವೇ. ಹೂವೇ ಇಲ್ಲದ ಹೊಲಕ್ಕೆ ಅವು ಯಾಕೆ ಬರಬೇಕು ಹೇಳಿ?

ತೊಂದರೆಯೂ ಇದೆ, ಮುಚ್ಚಿಡಲ್ಲ. ಅಕ್ಕಡಿ ಇದ್ದರೆ ಕಟಾವು ಮಷಿನ್ ಓಡಿಸೋಕೆ ಆಗಲ್ಲ, ಕುಡುಗೋಲೇ ಗತಿ. ಆಳು ಸಿಗದ ಕಾಲ ಇದು. ಅವರೆಗೂ ಕಾಯಿ ಕೊರಕ ಬರುತ್ತೆ. ಆದರೆ ರಾಗಿ ಕೈಕೊಟ್ಟ ವರ್ಷವೂ ಅವರೆಕಾಯಿ ಕಾಸು ಕೊಟ್ಟಿದೆ. ಡಿಸೆಂಬರ್ ಆಮೇಲೆ ಬೆಂಗಳೂರಿನವರಿಗೆ ಸೊಗಡವರೆ ಅಂದರೆ ಎಷ್ಟು ಆಸೆ ಅಂತ ಅಲ್ಲಿನ ಅವರೆ ಮೇಳ ನೋಡಿದವರಿಗೆ ಹೇಳಬೇಕಾ?

ಗೌರಿಬಿದನೂರಿನಿಂದ

ನಮ್ಮ ಕಡೆ ಮುಸುಕಿನ ಜೋಳ ಜಾಸ್ತಿ, ಹಾಗಾಗಿ ನನ್ನ ಅನುಭವ ಅದರದ್ದು. ಸೈನಿಕ ಹುಳ. ಹಳೇದಲ್ಲ, ಅಮೆರಿಕ ಕಡೆಯಿಂದ ಬಂದ ಹೊಸದು. 2018ರಲ್ಲಿ ದೇಶದಲ್ಲೇ ಮೊದಲು ಸಿಕ್ಕಿದ್ದು ನಮ್ಮ ಕರ್ನಾಟಕದಲ್ಲಿ. ತಲೆ ಮೇಲೆ ತಲೆಕೆಳಗಾದ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ. ರಾಗಿಗೂ ಬಂದದ್ದುಂಟು, ಅದಕ್ಕೇ ಬರೆಯುತ್ತಿದ್ದೇನೆ.

ಜೋಳ ಮೊಣಕಾಲುದ್ದ ಇರುವಾಗಲೇ ನೋಡಬೇಕು. ಎಲೆ ಮೇಲೆ ಹಸಿರು ಕೆರೆದು ಕಾಗದದ ಹಾಗೆ ಕಂಡರೆ ಮರಿ ಇನ್ನೂ ಸಣ್ಣದು, ಆಗ ಬೇವಿನ ಕಷಾಯ ಕೆಲಸ ಮಾಡುತ್ತದೆ. ಸುಳಿ ತುಂಬಾ ಹಿಕ್ಕೆ ಬಂದ ಮೇಲೆ ಅದು ಆಗದ ಮಾತು. ಆಗ ಒಣ ಮರಳು 9 ಪಾಲು, ಸುಣ್ಣ 1 ಪಾಲು ಬೆರೆಸಿ ಸುಳಿಗೆ ಒಂದೊಂದು ಚಿಟಿಕೆ ಹಾಕುತ್ತೇವೆ. ಸಣ್ಣ ಹೊಲಕ್ಕೆ ಸರಿ, ಹತ್ತು ಎಕರೆಗೆ ಕೂಲಿ ಕೊಟ್ಟು ಪೂರೈಸಲ್ಲ. ಮಳೆ, ತಂಡಿ ಇದ್ದರೆ ಮೆಟಾರೈಜಿಯಂ ರಿಲೇಯಿ ಅಂತ ಬೂಷ್ಟು ಬರುತ್ತದೆ, ಲೀಟರ್‌ಗೆ 5 ಗ್ರಾಂ, ಸುಳಿಗೇ ಬೀಳುವ ಹಾಗೆ ಹೊಡೆಯಬೇಕು. ಅದು ತಗುಲಿದ ಹುಳ ಎಲೆ ಮೇಲೇ ಸೆಟೆದು ಬೆಳ್ಳಗಾಗಿ, ಆಮೇಲೆ ತಿಳಿ ಹಸಿರು ಪುಡಿ ಮೆತ್ತಿಕೊಂಡಿರುತ್ತದೆ. ಅದನ್ನು ಕಿತ್ತು ಬಿಸಾಡಬೇಡಿ, ಆ ಪುಡಿಯೇ ಪಕ್ಕದ ಹುಳಕ್ಕೆ ಹರಡುವುದು. ಬಿಸಿಲು ಕಾಯುವಾಗ ಹೊಡೆದರೆ ದುಡ್ಡು ದಂಡ.

ಯಲಹಂಕದಿಂದ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹೋಗಿ ಎಳೆದು ನೋಡಿದೆ. ಕೆರೆ ಕಡೆಯ ತಗ್ಗಿನಲ್ಲಿ ಹೆಚ್ಚಿರುವುದು ಕುತ್ತಿಗೆ ಬೆಂಕಿ, ಮೇಲಿನ ಕಡೆ ಅಲ್ಲೊಂದು ಇಲ್ಲೊಂದು ಕೊರಕ. ಬೀಜ ಮನೆಯದೇ, ತಳಿ ಹೆಸರು ಅಪ್ಪನಿಗೂ ಗೊತ್ತಿಲ್ಲ. ಎರಡು ಪ್ರಶ್ನೆ: ಬೇವಿನ ಕಷಾಯ ಸರಿಯಾಗಿ ಮಾಡೋದು ಹೇಗೆ? ಹೆಬ್ಬಾಳದಲ್ಲಿ ಟ್ರೈಕೋ ಕಾರ್ಡ್ (ಹುಳದ ಮೊಟ್ಟೆ ನಾಶ ಮಾಡುವ ಕಣಜದ ಕಾರ್ಡ್) ಸಿಗುತ್ತೆ ಅಂತಾರಲ್ಲ, ಮುಂದಿನ ವರ್ಷ ಕೊರಕಕ್ಕೆ ತರಲಾ?

ಆನೇಕಲ್‌ನಿಂದ

ಬೇವಿನದ್ದು ನಾನು ಹೇಳುತ್ತೇನೆ. ಎಲೆ ಅಲ್ಲ, ಬೀಜ. ಆಷಾಢದ ಹೊತ್ತಿಗೆ ಹಣ್ಣು ಉದುರುತ್ತದೆ, ಆಗಲೇ ಆರಿಸಿ, ಸಿಪ್ಪೆ ತೆಗೆದು ನೆರಳಲ್ಲಿ ಒಣಗಿಸಿಡಿ. ಬೂಷ್ಟು ಹಿಡಿದ ಬೀಜ ಬೇಡ. 100 ಲೀಟರ್‌ಗೆ 5 ಕೆಜಿ ತಿರುಳಿನ ಪುಡಿ, ಅಂದರೆ 16 ಲೀಟರ್ ಪಂಪಿಗೆ 800 ಗ್ರಾಂ. ಪುಡಿಯನ್ನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆ ಹಾಕಿ. ಮಾರನೇ ದಿನ ಗಂಟು ಹಿಂಡುತ್ತಾ ಹೋಗಿ. ಹಾಲಿನ ಹಾಗೆ ಬರುವುದು ನಿಂತು ತಿಳಿ ನೀರು ಬರುವವರೆಗೆ ಹಿಂಡಬೇಕು. ಸ್ವಲ್ಪ ಸೋಪಿನ ನೀರು ಸೇರಿಸದಿದ್ದರೆ ಎಲೆಗೆ ಅಂಟಲ್ಲ. ಆ ದಿನವೇ ಸಂಜೆ ಮುಗಿಸಿಬಿಡಿ, ಬಿಸಿಲಿಗೆ ಬೇವಿನ ಸತ್ವ ಬೇಗ ಹೋಗುತ್ತದೆ. ಹೊಡೆದ ಕೂಡಲೇ ಹುಳ ಬಿದ್ದು ಸಾಯುವುದಿಲ್ಲ, ತಿನ್ನೋದು ಬಿಡುತ್ತದೆ, ಪೊರೆ ಬಿಡೋಕೆ ಆಗದೆ ಸಾಯುತ್ತದೆ. ಎರಡು ದಿನ ತಾಳ್ಮೆ ಇರಲಿ.

ಹೊಗೆಸೊಪ್ಪು ಹಾಕಿ ಮಾಡುವ ಅಗ್ನಿಅಸ್ತ್ರ ಮಾತ್ರ ನಾನು ಬಿಟ್ಟಿದ್ದೇನೆ. ನಿಕೋಟಿನ್ ಕೂಡ ವಿಷವೇ. ಗುಲಗಂಜಿ ಹುಳವನ್ನೂ ಬಿಡಲ್ಲ, ಹೊಡೆಯೋರ ಮೈಗೂ ಒಳ್ಳೇದಲ್ಲ. ಗಿಡದಿಂದ ಬಂತು ಅಂದ ಮಾತ್ರಕ್ಕೆ ಸಾಧು ಅಂತ ಅಲ್ಲ.

ಹೊಸಕೋಟೆ ಕಡೆಯವರು

ಟ್ರೈಕೋ ಕಾರ್ಡ್‌ಗೆ ರಾಗಿಯಲ್ಲಿ ದುಡ್ಡು ಹಾಕಬೇಡಿ ಅಂತ ನನ್ನ ಸಲಹೆ. ಅದರೊಳಗಿನ ಪುಟ್ಟ ಕಣಜ ಎಲೆ ಮೇಲೆ ಬಯಲಾಗಿ ಇಟ್ಟ ಮೊಟ್ಟೆಗಳನ್ನು ಚೆನ್ನಾಗಿ ಹುಡುಕುತ್ತದೆ. ಭತ್ತ, ಜೋಳದ ಕೆಲವು ಕೊರಕಗಳಿಗೆ ಸರಿ. ನಮ್ಮ ರಾಗಿಯ ಗುಲಾಬಿ ಕೊರಕ ಮೊಟ್ಟೆ ಇಡುವುದು ಎಲೆಯ ತೊಟ್ಟು ಕಾಂಡಕ್ಕೆ ಸುತ್ತಿಕೊಂಡ ಕಡೆ, ಒಳಗೆ. ಅಲ್ಲಿಗೆ ಕಣಜ ತಲುಪುವುದು ಕಷ್ಟ. ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರನ್ನು ಒಮ್ಮೆ ಕೇಳಿ, ಹೇಗೂ ಯಲಹಂಕಕ್ಕೆ ಹತ್ತಿರವೇ ಇದೆ.

ಅದರ ಬದಲು ಕುಯ್ಲು ಮುಗಿದ ಕೂಡಲೇ ಉಳುಮೆ ಮಾಡಿಸಿ. ಕೊರಕ ಕೂಳೆಯಲ್ಲೇ, ಅಂದರೆ ಕೊಯ್ದ ಮೇಲೆ ನಿಂತ ಬುಡದಲ್ಲೇ, ಉಳಿದಿರುತ್ತದೆ. ಕೂಳೆ ಮೇಲೆ ಬಿದ್ದರೆ ಬಿಸಿಲು, ಬೆಳ್ಳಕ್ಕಿ, ಮೈನಾ ಮೂರೂ ಸೇರಿ ಕೆಲಸ ಮುಗಿಸುತ್ತವೆ. ರೋಟರಿ ಹೊಡೆಸಿ ಸುಮ್ಮನಾಗಬೇಡಿ, ನೇಗಿಲು ಇಳಿಯಲಿ.

ಬೀಜ ಈ ಹೊಲದ್ದು ಬೇಡವೇ ಬೇಡ, ಬೆಂಕಿ ರೋಗ ಬೀಜದಲ್ಲೂ ದಾಟುತ್ತದೆ. ಜಿಪಿಯು-28 ಇಲ್ಲಾ ಎಂಎಲ್-365 ತನ್ನಿ, ಎರಡೂ ಬೆಂಕಿ ರೋಗ ತಡೆದುಕೊಳ್ಳುತ್ತವೆ. ಜಿಕೆವಿಕೆಯಲ್ಲಿ (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ) ವಿಚಾರಿಸಿ, ಇಲ್ಲಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ. ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ನಿಮ್ಮ ತಾಲ್ಲೂಕಿನಲ್ಲೇ ಇದೆ. ಬಿತ್ತುವ ಮುಂಚೆ ನೀರಿಗೆ ಹಾಕಿ ಜೊಳ್ಳು ತೇಲಿಸಿ ತೆಗೆದು, ಕೆಜಿಗೆ 10 ಗ್ರಾಂ ಸೂಡೊಮೊನಾಸ್ ಹಚ್ಚಿ ನೆರಳಲ್ಲಿ ಆರಿಸಿ. ಅಪ್ಪನ ಕಾಲದ ತಳಿ ಕಳೆದುಹೋಗಬಾರದು ಅಂತಿದ್ದರೆ, ಮೇಲಿನ ಕಡೆ ರೋಗ ಇಲ್ಲದ ಜಾಗದಲ್ಲಿ ಒಳ್ಳೆ ತೆನೆ ಆರಿಸಿ ಬೇರೆ ಇಡಿ. ಅದಕ್ಕೆ ನಾಲ್ಕು ಸಾಲು ಸಾಕು. ತಗ್ಗಿನ ಜಾಗಕ್ಕೆ ಮುಂದಿನ ವರ್ಷ ರಾಗಿ ಬದಲು ಅಲಸಂದೆ ಹಾಕಿ ನೋಡಿ.

ಬಾಟಲಿ ಬಿಚ್ಚಿಲ್ಲ ಅಂದಿರಲ್ಲ, ಬಿಲ್ ಇದ್ದರೆ ವಾಪಸ್ ಕೊಟ್ಟು ಅದೇ ದುಡ್ಡಲ್ಲಿ ಬೇವಿನ ಹಿಂಡಿ ಕೇಳಿ.