ದೊಡ್ಡವ್ವನ ಮರೆವಿನ ಬಗ್ಗೆ ಸಣ್ಣಕಾಕಾ ಅವರಿಗೆ

ಎಲ್ಲರಿಗೂ ನಮಸ್ಕಾರ. ಬೆಟಗೇರಿಯ ದೊಡ್ಡವ್ವನನ್ನು ನರರೋಗದ ಡಾಕ್ಟರಿಗೆ ತೋರಿಸೋಣವೇ ಎಂದು ವೈನಿ ನಿನ್ನೆ ಈ ಗುಂಪಿನಲ್ಲಿ ಕೇಳಿದ್ದಕ್ಕೆ, ‘ಎಪ್ಪತ್ತೈದು ದಾಟಿದವರಿಗೆ ಅರಳುಮರಳು ಸಹಜ, ಸುಮ್ಮನೆ ದವಾಖಾನೆಗೆ ಯಾಕೆ ಅಲೆದಾಡಿಸುತ್ತೀರಿ’ ಎಂದು ಸಣ್ಣಕಾಕಾ ಅವರು ಉತ್ತರಿಸಿದ್ದೀರಿ. ದೊಡ್ಡವ್ವನಿಗೆ ತ್ರಾಸು ಆಗಬಾರದೆಂದೇ ನೀವು ಹಾಗೆ ಹೇಳಿದ್ದೀರಿ ಎಂಬುದು ನನಗೆ ಗೊತ್ತು. ಆದರೂ ಆ ಮಾತನ್ನು ಒಪ್ಪಲು ನನ್ನ ಮನಸ್ಸು ಕೇಳುತ್ತಿಲ್ಲ. ಸ್ವಲ್ಪ ಉದ್ದವಾದರೂ ಪೂರ್ತಿ ಕೇಳಬೇಕೆಂದು ವಿನಂತಿ.

ಕನ್ನಡಕ ಎಲ್ಲಿಟ್ಟೆವೆಂದು ಹುಡುಕುವುದು, ಬೀಗರ ಹೆಸರು ತಡವಾಗಿ ನೆನಪಾಗುವುದು ವಯಸ್ಸಿನ ಮರೆವು. ದೊಡ್ಡವ್ವನದು ಹಾಗಿಲ್ಲ. ಮೊನ್ನೆ ನಾನು ಹೋದಾಗ ಆಕೆ ಜೋಳದ ಹಿಟ್ಟು ನಾದಿ, ಹಂಚು ಹೊಗೆಯಾಡುತ್ತಿದ್ದರೂ, ಮುಂದೇನು ಮಾಡಬೇಕೆಂದು ತಿಳಿಯದೆ ಕೈಯಲ್ಲಿ ಉಂಡೆ ಹಿಡಿದು ಕುಳಿತಿದ್ದಳು. ಬುದ್ಧಿ ತಿಳಿದಾಗಿನಿಂದ ರೊಟ್ಟಿ ಬಡಿದ ಕೈ ಅದು. ಸಂಜೆಯಾದರೆ ಎರಡು ಸೀರೆ ಗಂಟು ಕಟ್ಟಿಕೊಂಡು ‘ಮನಿಗೆ ಹೋಗೂಣು ನಡೀರಿ’ ಎಂದು ತನ್ನ ಸ್ವಂತ ಮನೆಯ ಹೊಸ್ತಿಲಲ್ಲೇ ನಿಲ್ಲುತ್ತಾಳೆ. ಮಿದುಳಿನ ಕೋಶಗಳು ಹಾಳಾಗಿ ನೆನಪು, ವಿವೇಚನೆ ಕುಂದುವ ಡಿಮೆನ್ಶಿಯಾ ಎಂಬ ಕಾಯಿಲೆಯ ಲಕ್ಷಣಗಳು ಹೀಗೆಯೇ ಇರುತ್ತವೆ.

ಇದು ನಮ್ಮೊಂದು ಮನೆಯ ಮಾತೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು, ಪ್ರತಿ ವರ್ಷ ಸುಮಾರು ಒಂದು ಕೋಟಿ ಹೊಸ ರೋಗಿಗಳು ಸೇರುತ್ತಿದ್ದಾರೆ, ಮತ್ತು ಅವರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಜನ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಕಾಕಾ, ವಯಸ್ಸೇ ಕಾರಣವಾಗಿದ್ದರೆ ನೂರರಲ್ಲಿ ಉಳಿದ ತೊಂಬತ್ತಕ್ಕೂ ಹೆಚ್ಚು ಜನರಿಗೆ ಯಾಕೆ ಬರಲಿಲ್ಲ?

ಈಗಲೇ ತೋರಿಸಬೇಕೆನ್ನುವುದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಥೈರಾಯಿಡ್ ಕಡಿಮೆಯಾದರೆ, ಬಿ12 ವಿಟಮಿನ್ ಕೊರತೆಯಾದರೆ, ಮನಸ್ಸು ಖಿನ್ನವಾದರೆ, ಅಷ್ಟೇ ಏಕೆ, ಕೆಲವು ಮಾತ್ರೆಗಳಿಂದಲೂ ಇಂಥದೇ ಮಂಕು ಕವಿಯಬಹುದು, ಮತ್ತು ಇವು ಚಿಕಿತ್ಸೆಯಿಂದ ಸುಧಾರಿಸುವಂಥವು. ಡಿಮೆನ್ಶಿಯಾಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣವಾದ ಅಲ್ಝೈಮರ್ ಕಾಯಿಲೆ ಎಂದೇ ತಿಳಿದುಬಂದರೆ ಅದನ್ನು ಪೂರ್ತಿ ಗುಣಪಡಿಸುವ ಔಷಧ ಇಲ್ಲ, ಆದರೆ ಕೆಲವರಿಗೆ ಲಕ್ಷಣಗಳನ್ನು ಕೆಲಕಾಲ ತಗ್ಗಿಸುವ ಮಾತ್ರೆಗಳಿವೆ. ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ, ಕಿವಿ ಮಂದವಾಗಿದೆ, ದೊಡ್ಡಪ್ಪ ಹೋದ ಮೇಲೆ ನಾಲ್ಕು ಜನರೊಡನೆ ಕೂಡುವುದನ್ನೂ ಬಿಟ್ಟಿದ್ದಾಳೆ. ಈ ನಾಲ್ಕೂ 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಪಟ್ಟಿ ಮಾಡಿದ, ಡಿಮೆನ್ಶಿಯಾ ತರುವ ಮತ್ತು ನಾವು ಬದಲಾಯಿಸಬಹುದಾದ 14 ಅಪಾಯಗಳಲ್ಲಿ ಸೇರಿವೆ. ಕಿವಿಯ ಮಷೀನನ್ನು ನಾವು ಎಂದೋ ಕೊಡಿಸಬಹುದಿತ್ತು, ಈಗಲಾದರೂ ಕೊಡಿಸೋಣ. ಐವತ್ತು ದಾಟಿದ ನಾವೆಲ್ಲರೂ ನಮ್ಮ ನಮ್ಮ ಬಿಪಿ, ಶುಗರ್ ನೋಡಿಕೊಳ್ಳುವುದೂ ಒಳ್ಳೆಯದು.

ವೈನಿಯ ವಿಷಯವನ್ನೂ ಹೇಳಲೇಬೇಕು. ಇಂಥ ರೋಗಿಗಳಿಗೆ ಮನೆಯವರು ಮಾಡುವ ಆರೈಕೆಯ ಸಮಯದಲ್ಲಿ ಸುಮಾರು ಶೇ. 70ರಷ್ಟು ಹೆಣ್ಣುಮಕ್ಕಳದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಮನೆಯಲ್ಲಂತೂ ಪೂರ್ತಿ ಒಬ್ಬಳದೇ. ರಾತ್ರಿ ದೊಡ್ಡವ್ವ ಎದ್ದು ಚಿಲಕ ತೆಗೆಯುತ್ತಾಳೆಂದು ವೈನಿ ಬಾಗಿಲಿಗೆ ಅಡ್ಡವಾಗಿ ಹಾಸಿಕೊಂಡು ಮಲಗುತ್ತಾಳೆ. ನಾವು ಫೋನಿನಲ್ಲಿ ‘ಹೆಂಗದಾರ’ ಎಂದು ಕೇಳಿ ಬಿಟ್ಟರೆ ಸಾಲದು. ಹುಬ್ಬಳ್ಳಿಯಲ್ಲಿರುವ ನಾವು ರವಿವಾರಕ್ಕೊಬ್ಬರಂತೆ ಹೋಗಿ ಕುಳಿತರೆ ಆಕೆಗೆ ಒಂದು ದಿನವಾದರೂ ನಿದ್ದೆ ಸಿಗುತ್ತದೆ. ಮೊದಲ ರವಿವಾರ ನಾನು ಹೋಗುತ್ತೇನೆ.

ಮನೋರೋಗ, ನರರೋಗಗಳ ಆಸ್ಪತ್ರೆಯಾದ ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗೋಣ ಎಂಬುದು ನನ್ನ ಅಭಿಪ್ರಾಯ. ವೈನಿ, ಹಳೆಯ ರಿಪೋರ್ಟುಗಳನ್ನೂ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಡಿ. ಕಾಕಾ, ನೀವು ಜೊತೆಗೆ ಬರಲೇಬೇಕು, ಏಕೆಂದರೆ ನಾವು ಯಾರು ಕರೆದರೂ ಹೊರಡದ ದೊಡ್ಡವ್ವ ನಿಮ್ಮ ಮಾತನ್ನು ಈಗಲೂ ಕೇಳುತ್ತಾಳೆ. ಗಾಡಿಯ ವ್ಯವಸ್ಥೆ ನಾನು ಮಾಡುತ್ತೇನೆ, ನಿಮಗೆ ಯಾವ ದಿನ ಅನುಕೂಲವೆಂದು ತಿಳಿಸಿ.